ಕರಿಗೇರಿನ ಗುರುತು

ತೀರ್ಥಹಳ್ಳಿ
೧೨ ಜನವರಿ ೧೯೬೯

ವಾಗ್ದೇವಿ,

ಎರಡು ವರ್ಷ ಸುಮ್ಮನಿದ್ದವಳು ಈಗ ಯಾಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ನೀನೂ ಬರೆದಿಲ್ಲ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಲೆಕ್ಕಗಳನ್ನೆಲ್ಲ ನಕಲು ಹೊಡೆದವಳು ಇವತ್ತು ಮುಂಬಯಿಯ ಪ್ರಯೋಗಶಾಲೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದಾಳೆ. ನಾನು ಇಲ್ಲಿ ನಮ್ಮ ಯಜಮಾನರು ಚಂದ್ರಯ್ಯನವರ ಅಕ್ಕಿ ಗಿರಣಿಯ ಹಿಂದಿನ ಮನೆಯಲ್ಲಿ ತೌಡಿನ ಧೂಳು ಒರೆಸುತ್ತಿದ್ದೇನೆ. ಇಬ್ಬರಿಗೂ ಪುರುಸೊತ್ತಿಲ್ಲ ಎಂದಿಟ್ಟುಕೊಳ್ಳೋಣ.

ನನ್ನ ಮಗ ಹೇರಂಬ ನಿನಗೆ ನೆನಪಿದ್ದಾನೆ. ನಾಮಕರಣಕ್ಕೆ ಬಂದಾಗ ನೀನು ಅವನನ್ನು ತೊಡೆಯಿಂದ ಇಳಿಸಿರಲಿಲ್ಲ. ಈಗ ಐದು ತುಂಬಿದೆ. ಒಂದೂವರೆ ವರ್ಷದ ತನಕ ಎಲ್ಲರ ಮಕ್ಕಳ ಹಾಗೇ ಇದ್ದ. ಆಮೇಲೆ ಮುಖ ಒರಟಾಗುತ್ತ ಬಂತು. ಮೂಗು ಚಪ್ಪಟೆ, ತುಟಿ ದಪ್ಪ, ತಲೆ ದೊಡ್ಡದು, ಹೊಟ್ಟೆ ಮುಂದಕ್ಕೆ. ಬೆರಳು ಪೂರ್ತಿ ಬಿಚ್ಚುವುದಿಲ್ಲ, ತೋಳು ಹೆಗಲಿನಿಂದ ಮೇಲೆ ಏಳುವುದಿಲ್ಲ. ಕಲಿತ ಮಾತುಗಳೂ ಒಂದೊಂದಾಗಿ ಹೋಗುತ್ತಿವೆ. ಹೇರಂಬ ಎಂದು ಹೆಸರಿಟ್ಟಾಗ ಈ ಹೊಟ್ಟೆ ಇರಲಿಲ್ಲ. ಈಗ ಆ ಹೆಸರು ಹಿಡಿದು ಕರೆದರೆ ಪೇಟೆಯ ಹುಡುಗರು ನಗುತ್ತಾರೆ. ಶಿವಮೊಗ್ಗದ ಡಾಕ್ಟರು ಹುಟ್ಟಿನಿಂದ ಬಂದದ್ದು ಎಂದು ಟಾನಿಕ್ ಬರೆದುಕೊಟ್ಟರು.

ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಸಂಬಂಧವೇ ಇಲ್ಲದ ಎರಡು ಮನೆಗಳ ಮಕ್ಕಳು ಅಣ್ಣತಮ್ಮಂದಿರ ಹಾಗೆ ಒಂದೇ ಮುಖ ಹೊತ್ತು ಬರಲು ಸಾಧ್ಯವೇ? ಇದು ನನ್ನ ಪ್ರಶ್ನೆಯಲ್ಲ, ಪಕ್ಕದ ಮನೆಯವರು ಕೇಳಿದರು.

ನಿನ್ನ
ಮಹಾಲಕ್ಷ್ಮೀ


ಮುಂಬಯಿ
೨೭ ಜನವರಿ ೧೯೬೯

ಪ್ರೀತಿಯ ಮಹಾಲಕ್ಷ್ಮೀ,

ನಿನ್ನ ಕಾಗದ ಓದಿದೆ. ಆ ಮಗುವಿನ ಅಂಗೈ ಹಿಡಿದದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಎದ್ದು ಗ್ರಂಥಾಲಯಕ್ಕೆ ಹೋದೆ. ನನಗೆ ಗೊತ್ತಿರುವ ಕೆಲಸ ಅದೊಂದೇ.

ನಿನ್ನ ಪಕ್ಕದ ಮನೆಯವರಿಗೆ ಹೇಳು, ಖಂಡಿತ ಸಾಧ್ಯ. ಯಾಕೆಂದು ಹೇಳುತ್ತೇನೆ, ಬೇಸರಪಡದೆ ಕೇಳು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಲೈಸೊಸೋಮ್ ಎಂಬ ಪುಟ್ಟ ಚೀಲಗಳಿವೆ. ಹಳೆಯದು, ಮುರಿದದ್ದು, ಬೇಡವಾದದ್ದು ಎಲ್ಲ ಅಲ್ಲಿಗೆ ಹೋಗಿ ಕರಗುತ್ತದೆ. ಕರಗಿಸುವ ಕೆಲಸ ಕಿಣ್ವಗಳದ್ದು, ಒಂದೊಂದು ಕಸಕ್ಕೆ ಒಂದೊಂದು ಕಿಣ್ವ. ಅವುಗಳಲ್ಲಿ ಒಂದೇ ಒಂದು ಇಲ್ಲವಾದರೂ ಆ ಕಸ ಒಳಗೇ ಉಳಿದು ಚೀಲ ಉಬ್ಬುತ್ತದೆ, ಕೋಶ ಉಬ್ಬುತ್ತದೆ, ಚರ್ಮ, ತುಟಿ, ಕೀಲು, ಯಕೃತ್ತು ಎಲ್ಲವೂ ದಪ್ಪವಾಗುತ್ತವೆ. ನಮ್ಮ ಪುಸ್ತಕಗಳಲ್ಲಿ ಇಂಥ ಮಕ್ಕಳ ಚಿತ್ರಗಳಿವೆ. ಯಾವ ದೇಶದ ಮಗುವಾದರೂ ಸರಿ, ನಿನ್ನ ಹೇರಂಬನ ಅಣ್ಣ ಎಂದೇ ಹೇಳಬೇಕು, ಅಷ್ಟು ಹೋಲಿಕೆ. ರೋಗವೇ ಆ ಮುಖವನ್ನು ಕೊಡುತ್ತದೆ.

ಹಾಗಾದರೆ ಅಲ್ಲಿ ಇನ್ನೊಂದು ಮಗು ಇದೆಯೇ? ಎಲ್ಲಿ? ಯಾರದ್ದು? ಅದರ ಕಣ್ಣು ನೋಡಿ ಬರೆ. ಹೇರಂಬನ ಕಣ್ಣಿನ ಮೇಲೆ ಹೊಗೆ ಕವಿದ ಹಾಗಿದೆಯೇ ಎನ್ನುವುದನ್ನೂ ಬರೆ. ಇದರಲ್ಲಿ ಎರಡು ಬಗೆಗಳಿವೆ. ಒಂದೇ ಊರಿನಲ್ಲಿ ಇಂಥ ಎರಡು ಮಕ್ಕಳೆಂದರೆ ನಮ್ಮಂಥವರಿಗೆ ಹಬ್ಬ!

ನಿನ್ನ
ವಾಗ್ದೇವಿ


ತೀರ್ಥಹಳ್ಳಿ
೨೦ ಫೆಬ್ರವರಿ ೧೯೬೯

ವಾಗ್ದೇವಿ,

ನಿನಗೆ ಹಬ್ಬವಂತೆ. ಸಂತೋಷ. ನನಗೆ ಏನೆಂದು ಈಗ ಹೇಳುತ್ತೇನೆ.

ಪಕ್ಕದ ಮನೆಯವರು ಏನೂ ಕೇಳಿಲ್ಲ. ಕೇಳಿದವಳು ನಾನೇ. ಆ ಇನ್ನೊಂದು ಮಗು ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಕನ್ನಮ್ಮನದು. ಹೆಸರು ಗಿರಿಯ, ವಯಸ್ಸು ಏಳು. ಗಂಟು ಒಯ್ಯಲು ಬರುವಾಗ ಕೂಸನ್ನು ಸೊಂಟದಲ್ಲಿ ಹೊತ್ತು ಬರುತ್ತಿದ್ದಳು, ಆಗ ನಾನೂ ಗಮನಿಸಿರಲಿಲ್ಲ. ಹೋದ ದೀಪಾವಳಿಗೆ ಹೇರಂಬ ಮತ್ತು ಅವನು ನಮ್ಮ ಜಗಲಿಯಲ್ಲಿ ಅಕ್ಕಪಕ್ಕ ಕೂತರು. ಹಬ್ಬಕ್ಕೆ ಬಂದಿದ್ದ ನೆಂಟರೆಲ್ಲ ಮಾತು ನಿಲ್ಲಿಸಿದರು. ಅದೇ ಮೂಗು, ಅದೇ ತುಟಿ, ಅದೇ ಮಡಚಿದ ಬೆರಳು. ಒಬ್ಬರು ನಮ್ಮ ಯಜಮಾನರ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಷ್ಟೇ ಸಾಕಾಯಿತು.

ಇವರನ್ನು ಕೇಳಿದೆ. ಇವರು ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಗಿರಣಿಗೆ ಹೋದರು. ಇಲ್ಲ ಎನ್ನಲು ಬಾಯಿ ಬರಬಾರದಿತ್ತೇ? ಮರುದಿನ ಕನ್ನಮ್ಮನಿಗೆ ಇನ್ನು ಮೆಟ್ಟಿಲು ಹತ್ತಬೇಡ ಎಂದೆ. ಮಾತು ತುಂಗೆಯ ಬಟ್ಟೆಗಲ್ಲಿನ ತನಕ ಹೋಗಿ ಅವಳ ಗಂಡ ಬೆಳ್ಳಪ್ಪ ಅವಳನ್ನೂ ಮಗುವನ್ನೂ ಹೊರಗೆ ಹಾಕಿದ. ಈಗ ಸಾಗರದ ಕಡೆ ಹೊನ್ನೆಮರಡಿನಲ್ಲಿ ಅವಳ ಸೋದರತ್ತೆಯೊಬ್ಬಳ ಹತ್ತಿರ ಇದ್ದಾಳಂತೆ. ಅವಳ ತವರೂರು ಶರಾವತಿಯ ಅಣೆಕಟ್ಟಿನ ನೀರಿನಡಿ ಹೋಗಿದೆ. ಆ ಊರಿನವರು ದಿಕ್ಕಿಗೊಬ್ಬರು.

ನೀನು ರೋಗವೇ ಮುಖ ಕೊಡುತ್ತದೆ ಎಂದೆ. ಒಪ್ಪಿದೆ. ಆದರೆ ರೋಗ ರಕ್ತದಲ್ಲಿ ಬರುವುದೆಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ನಮ್ಮ ಮನೆಯ ರೋಗ ಆ ಹುಡುಗನಿಗೆ ಹೇಗೆ ಹೋಯಿತು? ಇದಕ್ಕೆ ಉತ್ತರ ಬರೆ. ನಿನ್ನ ಉತ್ತರ ನೋಡಿಕೊಂಡು ನಾನು ಈ ಮನೆಯಲ್ಲಿರುವುದೋ ತವರಿಗೆ ಹೋಗುವುದೋ ಎಂದು ತೀರ್ಮಾನಿಸುತ್ತೇನೆ. ಕಣ್ಣು ನೋಡು ಎಂದೆಯಲ್ಲ, ಹೇರಂಬನ ಕಣ್ಣಿಗೆ ಹೊಗೆ ಇದೆ. ಆ ಹುಡುಗನ ಕಣ್ಣನ್ನು ನಾನು ನೋಡಿಲ್ಲ. ನೋಡಲಾಗಲಿಲ್ಲ.

ಮಹಾಲಕ್ಷ್ಮೀ


ಮುಂಬಯಿ
೫ ಮಾರ್ಚ್ ೧೯೬೯

ಮಹಾಲಕ್ಷ್ಮೀ,

ಹಬ್ಬ ಎಂದ ನಾಲಿಗೆಗೆ ಬರೆ ಹಾಕಬೇಕು. ಕ್ಷಮಿಸು. ಇನ್ನು ನಿನ್ನ ಪ್ರಶ್ನೆ. ಅದು ಸರಿಯಾದ ಪ್ರಶ್ನೆ, ನಾನು ನಿನ್ನ ಲೆಕ್ಕ ನಕಲು ಹೊಡೆಯುತ್ತಿದ್ದುದು ಸುಮ್ಮನೆ ಅಲ್ಲ.

ಎರಡು ಬಗೆಗಳಿವೆ ಎಂದೆನಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಮುಖ. ಒಳಗೆ ಮಾತ್ರ ಇಲ್ಲದಿರುವ ವಸ್ತು ಬೇರೆ ಬೇರೆ. ಇಬ್ಬರದೂ ಒಂದೇ ಬಗೆಯಾದರೆ ನಿನ್ನ ಅನುಮಾನಕ್ಕೆ ನಾನು ಎದುರು ಮಾತಾಡಲಾರೆ. ಬೇರೆ ಬೇರೆಯಾದರೆ ನಿನ್ನ ಮನೆಯ ರೋಗ ಅವನಿಗೆ ಹೋಗಿಯೇ ಇಲ್ಲ.

ಅದನ್ನು ತಿಳಿಯಲು ಒಂದು ದಾರಿ ಇದೆ. ಕಳೆದ ವರ್ಷವಷ್ಟೇ ಅಮೆರಿಕದ ಪ್ರಯೋಗಶಾಲೆಯೊಂದರಿಂದ ಒಂದು ಲೇಖನ ಬಂದಿದೆ. ನಾನದನ್ನು ಎಷ್ಟು ಸಲ ಓದಿದೆನೋ, ಹಾಳೆ ಮೆತ್ತಗಾಗಿದೆ. ಎರಡು ಬಗೆಯ ಮಕ್ಕಳ ಚರ್ಮದಿಂದ ಜೀವಕೋಶ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಬೇರೆ ಬೇರೆ ಇಟ್ಟಾಗ ಎರಡೂ ಕಸ ತುಂಬಿಕೊಂಡು ಊದಿಕೊಂಡವು. ಒಂದೇ ತಟ್ಟೆಯಲ್ಲಿ ಬೆರೆಸಿ ಇಟ್ಟಾಗ ಎರಡೂ ಗುಣವಾದವು! ಇವನಲ್ಲಿ ಇಲ್ಲದ್ದನ್ನು ಅವನ ಕೋಶ ಕೊಟ್ಟಿತು, ಅವನಲ್ಲಿ ಇಲ್ಲದ್ದನ್ನು ಇವನದು ಕೊಟ್ಟಿತು. ಒಂದೇ ಬಗೆಯವನ್ನು ಬೆರೆಸಿದರೆ ಹೀಗಾಗುವುದಿಲ್ಲ, ಇಬ್ಬರಲ್ಲೂ ಇಲ್ಲದ್ದನ್ನು ಯಾರು ಯಾರಿಗೆ ಕೊಡುತ್ತಾರೆ?

ಏಪ್ರಿಲ್ ಕೊನೆಗೆ ರಜೆ ಹಾಕಿ ಬರುತ್ತೇನೆ. ಇಬ್ಬರು ಹುಡುಗರ ತೋಳಿನಿಂದಲೂ ಅಕ್ಕಿಕಾಳಿನಷ್ಟು ಚರ್ಮ ಬೇಕು, ಆಸ್ಪತ್ರೆಯ ಡಾಕ್ಟರು ತೆಗೆದುಕೊಡುತ್ತಾರೆ. ಕನ್ನಮ್ಮನನ್ನು ಕೇಳುವ ಕೆಲಸ ನಿನ್ನದು. ಬೇರೆ ಯಾರನ್ನೂ ಕಳಿಸಬೇಡ. ಅವಳ ತಮ್ಮನೋ ಅಣ್ಣನೋ ಹೀಗೇ ಇದ್ದನೇ ಎಂದೂ ಕೇಳು.

ಫಲ ಏನೇ ಬರಲಿ, ಬಂದದ್ದನ್ನು ಬರೆಯುತ್ತೇನೆ. ನಿನ್ನ ಮುಲಾಜಿಗೆ ಒಂದಕ್ಷರ ಬದಲಿಸುವುದಿಲ್ಲ. ಹೇಳಬೇಕಾದ ಇನ್ನೊಂದು ವಿಷಯವೂ ಇದೆ, ಅದು ಈಗ ಬೇಡ.

ವಾಗ್ದೇವಿ


ತೀರ್ಥಹಳ್ಳಿ
೨ ಏಪ್ರಿಲ್ ೧೯೬೯

ವಾಗ್ದೇವಿ,

ನಾನು ಹೋಗುವುದಿಲ್ಲ ಎಂದೇ ಕೂತಿದ್ದೆ. ನಾನಾಗಿ ಅವಳ ಮನೆ ಬಾಗಿಲಿಗೆ ಹೋಗಿ ನಿಲ್ಲುವುದೇ? ನಿನಗೇನು, ಅಲ್ಲಿ ಕೂತು ಅಪ್ಪಣೆ ಕೊಡುತ್ತೀಯ.

ಯುಗಾದಿಗೆ ಮುಂಚೆ ಒಂದು ಗಂಟು ಬಂತು. ಕನ್ನಮ್ಮನನ್ನು ಕಳಿಸಿದ ದಿನ ನಮ್ಮ ಒಂದಿಷ್ಟು ಬಟ್ಟೆ ಅವಳಲ್ಲೇ ಉಳಿದಿತ್ತು, ನಾನು ಅದನ್ನು ಬಿಟ್ಟೇ ಬಿಟ್ಟಿದ್ದೆ. ಅವಳು ಒಗೆದು, ಮಡಿಸಿ, ಸಾಗರದ ಮಡಿವಾಳರ ಕೈಗೆ ಕೊಟ್ಟಿದ್ದಾಳೆ. ಅವರು ಹೊಸನಗರದವರಿಗೆ ಕೊಟ್ಟರು, ಹೊಸನಗರದವರು ಬಸ್ಸಿನ ಮೇಲೆ ಹಾಕಿ ಇಲ್ಲಿಯವರಿಗೆ ತಲುಪಿಸಿದರು. ಯಾರೂ ಚೀಟಿ ಬರೆದಿಲ್ಲ, ಯಾರೂ ನಮ್ಮ ಹೆಸರು ಹೇಳಿಲ್ಲ. ಕರಿಗೇರಿನ ಕಾಯಿಯ ಕಪ್ಪು ರಸದಲ್ಲಿ ಮಡಿವಾಳರು ಮೂಲೆಗೆ ಇಟ್ಟ ನಮ್ಮ ಮನೆಯ ಗುರುತು, ಮೂರು ಚುಕ್ಕೆ ಒಂದು ಗೆರೆ, ಅದನ್ನು ನೋಡಿ ಇಲ್ಲಿಯ ಮುದುಕ ಸೀದಾ ನಮ್ಮ ಮೆಟ್ಟಿಲ ಮೇಲೆ ತಂದಿಟ್ಟ. ಎಲ್ಲಕ್ಕಿಂತ ಮೇಲೆ ಹೇರಂಬನ ಅಂಗಿ. ಅವನ ತೋಳು ಏಳುವುದಿಲ್ಲವೆಂದು ಮುಂದೆ ಪೂರ್ತಿ ತೆರೆಯುವಂತೆ ದರ್ಜಿಯಿಂದ ಹೊಲಿಸಿದ್ದು. ಅದರ ಒಂದು ಗುಂಡಿ ಕಿತ್ತುಹೋಗಿತ್ತು. ಹಾಕಿ ಕಳಿಸಿದ್ದಾಳೆ.

ಮರುದಿನ ಬಸ್ಸು ಹತ್ತಿದೆ. ಇವರಿಗೆ ಎಲ್ಲಿಗೆಂದು ಹೇಳಲಿಲ್ಲ, ಇವರು ಕೇಳಲೂ ಇಲ್ಲ. ಹೊಸನಗರದಲ್ಲಿ ಬಸ್ಸು ಬದಲಿಸಿ ಸಾಗರ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಹಿನ್ನೀರಿನ ದಡದಲ್ಲಿ ಬೇಲಿಯ ಮೇಲೆ ಬಟ್ಟೆ ಹರವಿತ್ತು. ಊರವರ ಬಟ್ಟೆಗಳಿಗೆಲ್ಲ ಗುರುತು, ಒಂದು ಸಣ್ಣ ಅಂಗಿಗೆ ಮಾತ್ರ ಇರಲಿಲ್ಲ. ಅದು ಗಿರಿಯನದೆಂದು ಹೊಳೆಯಿತು.

ಕನ್ನಮ್ಮ ನನ್ನನ್ನು ನೋಡಿ ಎದ್ದು ನಿಂತಳು. "ಬಂದ್ರಾ ಅಮ್ಮಾ" ಎಂದಳು, ಅಷ್ಟೇ. ನೀರು ತಂದು ದೂರ ಇಟ್ಟಳು. ನಾನು ವಿಷಯ ಹೇಳಿದೆ. ಬಸ್ಸಿನಲ್ಲಿ ಕಟ್ಟಿಕೊಂಡ ಮಾತುಗಳೆಲ್ಲ ಅಡ್ಡಾದಿಡ್ಡಿ ಬಂದವು.

"ನನ್ನ ಮಗಂಗೆ ಗುಣ ಆಗ್ತದಾ ಇದ್ರಿಂದ?"

"ಇಲ್ಲ."

"ಮತ್ತೆ ಯಾರಿಗೆ ಬೇಕು ಇದು?"

"ನಂಗೆ ಬೇಕು ಕನ್ನಮ್ಮ."

ಅವಳು ನನ್ನನ್ನೇ ನೋಡಿದಳು. "ನಾನು ಇಲ್ಲ ಅಂದಿದ್ರೆ ಸಾಕಾಗ್ತಿರ್ಲಿಲ್ವಾ ಅಮ್ಮಾ? ನೀವು ನನ್ನ ಕೇಳ್ಲೇ ಇಲ್ಲ. ಹೋಗು ಅಂದ್ರಿ. ಹೋದೆ."

ಹೌದು ವಾಗ್ದೇವಿ. ನಿಜವಾಗಿಯೂ ನಾನು ಅವಳನ್ನು ಕೇಳಿರಲಿಲ್ಲ.

ಬೇಲಿಯ ಮೇಲಿನ ಬಟ್ಟೆ ಮಗುಚಿ ಹಾಕುತ್ತ ಅವಳೇ, "ಈಗ ಬಂದು ಕೇಳಿದ್ರಲ್ಲ. ಕೊಡ್ತೀನಿ. ಬೆಳ್ಳಪ್ಪಂಗೂ ಗೊತ್ತಾಗ್ಲಿ" ಎಂದಳು. ತಮ್ಮನ ವಿಷಯ ಕೇಳಿದೆ. ಇದ್ದನಂತೆ, ಇದೇ ಮುಖ, ಗಿರಿಯನಿಗಿಂತ ಸ್ವಲ್ಪ ದೊಡ್ಡವನಾಗಿ ಸತ್ತುಹೋದನಂತೆ. "ಬೆಳ್ಳಪ್ಪಂಗೆ ಹೇಳ್ದೆ. ಯಾರು ನೋಡಿದಾರೆ ಅಂದ. ನೋಡಿದ ಊರೇ ಇಲ್ವಲ್ಲ ಅಮ್ಮಾ" ಎಂದು ನೀರಿನ ಕಡೆ ಕೈ ಮಾಡಿದಳು.

ಗಿರಿಯ ಹೊಸಿಲಲ್ಲಿ ಕೂತಿದ್ದ. ಈ ಸಲ ನೋಡಿದೆ. ಕಣ್ಣು ತಿಳಿಯಾಗಿದೆ, ಹೊಗೆ ಇಲ್ಲ.

ಮಹಾಲಕ್ಷ್ಮೀ


ಮುಂಬಯಿ
೧೮ ಮೇ ೧೯೬೯

ಪ್ರೀತಿಯ ಮಹಾಲಕ್ಷ್ಮೀ,

ನಿಮ್ಮ ಆಸ್ಪತ್ರೆಯ ಜಗಲಿಯಲ್ಲಿ ಇಬ್ಬರು ಹುಡುಗರೂ ತೋಳಿಗೆ ಪಟ್ಟಿ ಕಟ್ಟಿಕೊಂಡು ಒಂದೇ ಬಾಳೆಹಣ್ಣು ತಿಂದದ್ದು ಕಣ್ಣಿಂದ ಹೋಗುತ್ತಿಲ್ಲ. ನೀನೂ ಕನ್ನಮ್ಮನೂ ಒಂದೊಂದು ಕಂಬಕ್ಕೆ ಒರಗಿ ಬೇರೆ ಬೇರೆ ಕಡೆ ನೋಡುತ್ತಿದ್ದುದೂ.

ರೈಲಿನಲ್ಲಿ ಫ್ಲಾಸ್ಕನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಎದುರಿಗಿದ್ದ ಅಜ್ಜಿ ಕಾಫಿ ಇದೆಯೇನಮ್ಮಾ ಎಂದು ಕೇಳಿಯೇ ಕೇಳಿದರು. ಈಗ ಎರಡೂ ಬೆಳೆಯುತ್ತಿವೆ! ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ ಕೋಶಗಳು ಒಂದರ ಪಕ್ಕ ಒಂದು ಮಲಗಿವೆ, ಒಳಗೆಲ್ಲ ಉಬ್ಬಿದ ಚೀಲಗಳು. ಹೇರಂಬನದು ಯಾವುದು, ಗಿರಿಯನದು ಯಾವುದು ಎಂದು ನೋಡಿ ಹೇಳಲು ನನಗೂ ಬರುವುದಿಲ್ಲ.

ನಿನ್ನ ಬಟ್ಟೆ ಗಂಟಿನ ಕಥೆ ನನ್ನ ತಲೆ ಕೆಡಿಸಿದೆ ಗೊತ್ತೇ? ಕೋಶದ ಒಳಗೆ ಕಿಣ್ವ ತಯಾರಾಗುವುದು ಒಂದು ಕಡೆ, ಕೆಲಸ ಮಾಡಬೇಕಾದ ಚೀಲ ಇನ್ನೊಂದು ಕಡೆ. ಅದೇ ಕಡೆ ಬೇರೆ ನೂರಾರು ವಸ್ತುಗಳೂ ತಯಾರಾಗುತ್ತವೆ, ಕೆಲವು ಕೋಶದಿಂದ ಹೊರಗೆ ಹೋಗಬೇಕಾದವು, ಕೆಲವು ಹೊರಪೊರೆಯಲ್ಲಿ ಕೂರಬೇಕಾದವು. ಎಲ್ಲ ಒಂದೇ ಹೊಳೆಯಲ್ಲಿ ಅದ್ದಿದ ಬಟ್ಟೆಗಳ ಹಾಗೆ ಬೆರೆತಿವೆ. ಆದರೂ ಲೈಸೊಸೋಮಿನ ಕಿಣ್ವ ಲೈಸೊಸೋಮಿಗೇ ಹೋಗಿ ಸೇರುತ್ತದೆ. ಅಷ್ಟೇ ಅಲ್ಲ, ಅದು ದಾರಿ ತಪ್ಪಿ ಹೊರಗೆ ಹೋದರೂ ಪಕ್ಕದ ಕೋಶ ಅದನ್ನು ಒಳಗೆ ಕರೆದುಕೊಂಡು ತನ್ನ ಚೀಲಕ್ಕೇ ಕಳಿಸುತ್ತದೆ. ಇಷ್ಟು ಕರಾರುವಾಕ್ಕಾಗಿ ಹೇಗೆ? ಯಾರಿಗೂ ಗೊತ್ತಿಲ್ಲ. ನಾನು ನಮ್ಮ ವಿಭಾಗದ ಸಭೆಯಲ್ಲಿ ಎದ್ದು ನಿಂತು, ಕಿಣ್ವದ ಮೈಮೇಲೆ ಯಾವುದೋ ಗುರುತು ಇರಲೇಬೇಕು, ಅದನ್ನು ಓದುವ ಕೈಯೂ ಇರಬೇಕು ಎಂದೆ. ಆಧಾರ ಏನು ಎಂದರು. ತೀರ್ಥಹಳ್ಳಿಯ ಬಟ್ಟೆ ಗಂಟು ಎನ್ನಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಕೋಶದಲ್ಲಿ ಇಷ್ಟೊಂದು ಅಚ್ಚುಕಟ್ಟು ಇದೆಯಲ್ಲ, ಮಹಾಲಕ್ಷ್ಮೀ, ಅದನ್ನು ನೋಡುವುದಕ್ಕೆ ನನಗೆ ಸಂಬಳ ಬೇರೆ ಕೊಡುತ್ತಾರೆ! ಜೂನಿನಲ್ಲಿ ಫಲ ಬರೆಯುತ್ತೇನೆ.

ವಾಗ್ದೇವಿ


ತೀರ್ಥಹಳ್ಳಿ
೬ ಜುಲೈ ೧೯೬೯

ವಾಗ್ದೇವಿ,

ಜೂನ್ ಕಳೆಯಿತು. ಮಳೆಗೆ ಅಂಚೆ ತಡವಾಗಿರಬಹುದು ಎಂದುಕೊಂಡೆ. ಹೇರಂಬನಿಗೆ ಕೆಮ್ಮು, ಎದೆಯಲ್ಲಿ ಗೊರಗೊರ. ಕನ್ನಮ್ಮನಿಂದ ಸಾಗರದ ಬಸ್ಸಿನವನ ಬಾಯಲ್ಲಿ, "ಅಕ್ಕಾರು ಎಂತ ಬರೆದ್ರು?" ಎಂಬ ಮಾತು ಬಂತು. ಏನು ಹೇಳಿ ಕಳಿಸಲಿ?

ಮಹಾಲಕ್ಷ್ಮೀ


ತೀರ್ಥಹಳ್ಳಿ
೪ ಆಗಸ್ಟ್ ೧೯೬೯

ವಾಗ್ದೇವಿ,

ನಿನ್ನ ಮೌನ ನನಗೆ ಅರ್ಥವಾಯಿತು. ಒಂದಕ್ಷರ ಬದಲಿಸುವುದಿಲ್ಲ ಎಂದಿದ್ದೆ. ಬದಲಿಸಲಿಲ್ಲ, ಬರೆಯಲೇ ಇಲ್ಲ. ಸ್ನೇಹಿತೆಯ ಮನೆ ಮುರಿಯುವ ಕಾಗದ ಯಾರು ತಾನೇ ಬರೆಯುತ್ತಾರೆ?

ಚೌತಿ ಆದ ಮೇಲೆ ನಾನು ಹೇರಂಬನನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ. ಪೆಟ್ಟಿಗೆ ತುಂಬಿಯಾಗಿದೆ.

ಮಹಾಲಕ್ಷ್ಮೀ


ಮುಂಬಯಿ
೧೧ ಆಗಸ್ಟ್ ೧೯೬೯

ಮಹಾಲಕ್ಷ್ಮೀ,

ಪೆಟ್ಟಿಗೆ ಬಿಚ್ಚು. ಕೈ ಮುಗಿಯುತ್ತೇನೆ, ಬಿಚ್ಚು.

ನಿನ್ನ ಮನೆ ಮುರಿಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಹೇಳುವಂಥದ್ದೇ ಏನೂ ಇರಲಿಲ್ಲ. ಇಲ್ಲಿಯ ಮಳೆಗೆ ಗಿರಿಯನ ತಟ್ಟೆಗಳಿಗೆಲ್ಲ ಬೂಸಲು ಹಿಡಿಯಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಕೋಶಗಳ ಮೇಲೆ ಹತ್ತಿಯ ಹಾಗೆ ಬೆಳೆದಿತ್ತು. ಕನ್ನಮ್ಮ ಕೊಟ್ಟದ್ದನ್ನು ಹಾಳು ಮಾಡಿದೆನಲ್ಲ ಎಂದು ಮೆಟ್ಟಿಲ ಮೇಲೆ ಕೂತು ಅತ್ತೆ. ನಿನಗೆ ಬರೆಯಲು ಮುಖವಿರಲಿಲ್ಲ. ನನ್ನ ಸುಮ್ಮನಿರುವಿಕೆಯನ್ನು ನೀನು ಹೀಗೆ ಓದಿಕೊಳ್ಳುತ್ತೀಯೆಂದು ಹೊಳೆಯಲೇ ಇಲ್ಲ, ಕೆಂಡದ ಮೇಲೆ ಕೂತವಳನ್ನು ಕಾಯಿಸುತ್ತಿದ್ದೇನೆಂದು ತಿಳಿಯಬೇಕಿತ್ತು.

ಆಮೇಲೆ ಬೇರೆ ಕೋಣೆಯ ಹಿಮಗಟ್ಟಿಸುವ ಪೆಟ್ಟಿಗೆಯಲ್ಲಿ ಒಂದು ಸೀಸೆ ಸಿಕ್ಕಿತು. ಮೊದಲ ವಾರ ನಾನೇ ಮುಂಜಾಗ್ರತೆಗೆಂದು ಎತ್ತಿಟ್ಟು ಮರೆತಿದ್ದೆ. ಅದರಲ್ಲಿ ಗಿರಿಯನ ಒಂದು ಹಿಡಿ ಕೋಶ ಜೀವ ಹಿಡಿದುಕೊಂಡಿವೆ. ಮತ್ತೆ ಬೆಳೆಸುತ್ತಿದ್ದೇನೆ. ನವರಾತ್ರಿಯ ತನಕ ಕಾಯಿ. ನಮ್ಮ ಬೆಂಚಿನ ಆಣೆ.

ವಾಗ್ದೇವಿ


ಮುಂಬಯಿ
೬ ಅಕ್ಟೋಬರ್ ೧೯೬೯

ಪ್ರೀತಿಯ, ಪ್ರೀತಿಯ ಮಹಾಲಕ್ಷ್ಮೀ,

ಬೇರೆ ಬೇರೆ! ಇಬ್ಬರದೂ ಬೇರೆ ಬೇರೆ!

ಕ್ರಮವಾಗಿ ಹೇಳುತ್ತೇನೆ. ಕೋಶಗಳಿಗೆ ವಿಕಿರಣ ಸೂಸುವ ಗಂಧಕ ಕೊಟ್ಟೆ, ಅದು ಕಸದಲ್ಲಿ ಸೇರಿಕೊಳ್ಳುತ್ತದೆ. ಕಸ ಒಳಗೆ ಉಳಿದರೆ ಯಂತ್ರ ಹೆಚ್ಚು ಎಣಿಸುತ್ತದೆ, ಕರಗಿ ಹೋದರೆ ಕಡಿಮೆ. ಹೇರಂಬನ ತಟ್ಟೆ ಬೇರೆ ಇಟ್ಟಾಗ ಎಣಿಕೆ ಏರಿತು. ಗಿರಿಯನದೂ ಏರಿತು. ಬೆರೆಸಿದ ತಟ್ಟೆಯಲ್ಲಿ ಮಾತ್ರ ಆರೋಗ್ಯವಂತರ ಕೋಶದಷ್ಟೇ ಬಂತು! ಯಂತ್ರ ಕೆಟ್ಟಿದೆಯೆಂದು ಮತ್ತೆ ಮಾಡಿದೆ. ಅದೇ ಬಂತು. ಆಮೇಲೆ ಇನ್ನೊಂದು ಮಾಡಿದೆ. ಗಿರಿಯನ ಕೋಶಗಳು ಇದ್ದ ದ್ರವವನ್ನಷ್ಟೇ ಬಸಿದು ಹೇರಂಬನ ತಟ್ಟೆಗೆ ಹಾಕಿದೆ. ಕೋಶ ಒಂದೂ ಇಲ್ಲ, ಬರೀ ಅವು ಮಿಂದ ನೀರು. ಅದರಲ್ಲಿದ್ದ ಎಂಥದ್ದೋ ಒಂದು ವಸ್ತು, ಕಿಣ್ವವೇ ಇರಬೇಕು, ಹೇರಂಬನ ಕೋಶದ ಒಳಹೊಕ್ಕು ಸೀದಾ ಆ ಚೀಲಗಳಿಗೇ ಹೋಗಿ ಕಸ ಕರಗಿಸಿತು. ಪರರ ಮನೆಯಲ್ಲಿ ಹುಟ್ಟಿದ್ದು ನಿನ್ನ ಮಗನ ಕೋಶದೊಳಗೆ ತನ್ನ ಸ್ಥಳ ಗುರುತಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಬರದೆ ಇನ್ನೇನು?

ಇನ್ನು ನಿನಗೆ ಬೇಕಾದದ್ದು. ಗಿರಿಯನ ಬಗೆಯ ರೋಗ ಗಂಡುಮಕ್ಕಳಿಗೆ ತಾಯಿಯ ಕಡೆಯಿಂದಲೇ ಬರುತ್ತದೆ. ಕನ್ನಮ್ಮನ ತಮ್ಮ, ಈಗ ಅವಳ ಮಗ, ತಿಳಿ ಕಣ್ಣು, ಎಲ್ಲ ತಾಳೆಯಾಗುತ್ತದೆ. ಅವನ ಮುಖಕ್ಕೂ ತಂದೆಗೂ ಏನೇನೂ ಸಂಬಂಧವಿಲ್ಲ, ತಂದೆ ಯಾರೇ ಆಗಿರಲಿ. ಒಂದಕ್ಷರ ಬದಲಿಸುವುದಿಲ್ಲ ಎಂದಿದ್ದೆನಾದ್ದರಿಂದ ಇದನ್ನೂ ಬರೆಯಬೇಕು. ಯಾರ ಮಗ ಯಾರೆಂದು ಹೇಳುವ ಶಕ್ತಿ ನನ್ನ ತಟ್ಟೆಗೆ ಇಲ್ಲ. ನಿನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಆ ಮುಖ, ಅದು ಸುಳ್ಳು ಸಾಕ್ಷಿ ಎಂದಷ್ಟೇ ಹೇಳುತ್ತದೆ. ಉಳಿದದ್ದನ್ನು ನಂಬುವುದು ಬಿಡುವುದು ನಿನ್ನ ಕೈಯಲ್ಲಿದೆ.

ಮಾರ್ಚಿನಲ್ಲಿ ಹೇಳದೆ ಇಟ್ಟುಕೊಂಡ ವಿಷಯವನ್ನೂ ಈಗ ಹೇಳುತ್ತೇನೆ. ಹೇರಂಬನ ಬಗೆ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಬರುತ್ತದೆ. ಅರ್ಧ ಚಂದ್ರಯ್ಯನವರದು, ಅರ್ಧ ನಿನ್ನದು. ನೀನು ಮದುವೆಯಾದದ್ದು ಸೋದರತ್ತೆಯ ಮಗನನ್ನು. ನಿಮ್ಮಿಬ್ಬರಿಗೂ ಒಬ್ಬರೇ ಅಜ್ಜ ಅಜ್ಜಿ. ಅವರಲ್ಲೊಬ್ಬರಿಂದ ಇದು ಇಬ್ಬರಿಗೂ ಇಳಿದಿರಬೇಕು. ಯಾರ ತಪ್ಪೂ ಅಲ್ಲ. ಇದನ್ನು ಬರೆಯಲು ನನಗೆ ಧೈರ್ಯವಿರಲಿಲ್ಲ.

ಹುಡುಗರಿಗೆ ಗುಣವಾಗುತ್ತದೆಯೇ ಎಂದು ನೀನು ಕೇಳಿಲ್ಲ. ಕೇಳದೆಯೂ ಹೇಳಬೇಕು. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಮಾಡಲು ನಮಗೆ ಇನ್ನೂ ಬರುವುದಿಲ್ಲ. ಒಂದು ದಿನ ಹೊರಗಿನಿಂದ ಕೊಟ್ಟ ಕಿಣ್ವ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ ಎಂದು ನಾನು ನಂಬಿದ್ದೇನೆ. ಆ ದಿನ ನಮ್ಮ ಹೇರಂಬನಿಗೆ, ಗಿರಿಯನಿಗೆ ಸಿಗುವಷ್ಟು ಹತ್ತಿರದಲ್ಲಿ ಇಲ್ಲ.

ನಿನ್ನ
ವಾಗ್ದೇವಿ


ತೀರ್ಥಹಳ್ಳಿ
೧೬ ನವೆಂಬರ್ ೧೯೬೯

ಪ್ರೀತಿಯ ವಾಗ್ದೇವಿ,

ಈ ಸಲ ಸುಮ್ಮನಿದ್ದವಳು ನಾನು. ಕಾಗದದ ಮೊದಲ ಪುಟ ಓದಿ ಕುಣಿದಾಡಬೇಕೆನಿಸಿತು. ಕೊನೆಯ ಪುಟ ಓದಿ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ಅಜ್ಜನ ಮನೆಯಿಂದ ಬಂದದ್ದನ್ನು ಒಂದು ವರ್ಷ ಕನ್ನಮ್ಮನ ತಲೆಯ ಮೇಲೆ ಹೊರಿಸಿದ್ದೆನಲ್ಲ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಇವರಿಗೆ ನಿನ್ನ ಕಾಗದ ಕೊಟ್ಟೆ. ಗಿರಣಿಯ ಜಗಲಿಯಲ್ಲಿ ಕೂತು ಎರಡು ಸಲ ಓದಿದರು. ಯಾಕೆ ಅವತ್ತು ಇಲ್ಲ ಎನ್ನಲಿಲ್ಲ ಎಂದು ಕೇಳಿದೆ. "ಚಿಕ್ಕಂದಿನಿಂದ ನೋಡಿದೋಳು ನೀನು. ನೀನೇ ಕೇಳಿದ ಮೇಲೆ ಹೇಳೋದು ಎಂತ ಉಳಿದಿತ್ತು?" ಎಂದರು. ತಟ್ಟೆಯಲ್ಲಿ ಗೊತ್ತಾಗದೆ ಉಳಿದದ್ದನ್ನು ನಾನು ಅಲ್ಲೇ ತೀರ್ಮಾನಿಸಿದೆ. ಆ ದಿನ ಇವರ ಎಲೆಯ ಎದುರು ಕೂತು ಬಡಿಸಿದೆ, ಒಂದು ವರ್ಷದ ಮೇಲೆ.

ಮಾರನೇ ದಿನ ಬಟ್ಟೆಗಲ್ಲಿನ ಹತ್ತಿರ ನಾನೇ ಹೋದೆ. ಬೆಳ್ಳಪ್ಪ ಮೊಣಕಾಲು ನೀರಿನಲ್ಲಿ ನಿಂತಿದ್ದ. ಕೋಶ, ಕಿಣ್ವ, ಗಂಧಕ ಎಂದು ನಿನ್ನ ಹಾಗೇ ಕೈ ಆಡಿಸಿಕೊಂಡು ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ, "ಅದೆಲ್ಲ ನಂಗೆ ಗೊತ್ತಾಗ್ಲಿಲ್ಲ ಅಮ್ಮಾ. ನೀವು ನಂಬಿದ್ರಾ?" ಎಂದ.

"ನಂಬಿದೆ."

"ನೀವೇ ನಂಬಿದ ಮೇಲೆ ನಂದೆಂತ" ಎಂದು ಹಿಂಡಿದ ಬಟ್ಟೆಯನ್ನು ಕಲ್ಲಿನ ಮೇಲೆ ಹಾಗೇ ಬಿಟ್ಟು ದಡ ಹತ್ತಿದ. ಒದ್ದೆ ಪಂಚೆಯಲ್ಲೇ ಸಾಗರದ ಬಸ್ಸಿಗೆ ಹೋದನಂತೆ. ಕನ್ನಮ್ಮ ಅವನನ್ನು ಒಂದು ದಿನವೆಲ್ಲ ಹೊರಗೆ ಕೂರಿಸಿ ಆಮೇಲೆ ಮಾತಾಡಿದಳಂತೆ. ಒಳ್ಳೆಯದೇ ಮಾಡಿದಳು. ಈಗ ಮೂವರೂ ಇಲ್ಲಿಗೇ ಮರಳಿದ್ದಾರೆ.

ದೀಪಾವಳಿಗೆ ಅವರನ್ನು ಮನೆಗೆ ಕರೆದೆ. ಕಳೆದ ವರ್ಷ ಮಾತು ನಿಲ್ಲಿಸಿದ ನೆಂಟರೆಲ್ಲ ಈ ವರ್ಷವೂ ಇದ್ದರು. ಅವರೆದುರೇ ಕನ್ನಮ್ಮನ ಕೈ ಹಿಡಿದು, ನನ್ನದು ತಪ್ಪಾಯಿತು ಎಂದೆ. ಅವಳು, "ಕೈ ಬಿಡಿ ಅಮ್ಮಾ, ಬಟ್ಟೆ ಗಂಟು ಎಲ್ಲಿ?" ಎಂದಳು.

ನಿನಗೆ ನಗು ಬರಬಹುದು, ನಾನು ಇಬ್ಬರು ಹುಡುಗರನ್ನೂ ಮಧ್ಯಾಹ್ನ ಒಂದೇ ಚಾಪೆಯಲ್ಲಿ ಮಲಗಿಸುತ್ತೇನೆ. ಮಡಚಿದ ಬೆರಳುಗಳನ್ನು ಒಬ್ಬರದಕ್ಕೊಬ್ಬರು ಸಿಕ್ಕಿಸಿಕೊಂಡು ಮಲಗುತ್ತಾರೆ. ತಟ್ಟೆಯಲ್ಲಿ ಆದದ್ದು ಚಾಪೆಯಲ್ಲಿ ಆಗುವುದಿಲ್ಲವೆಂದು ನನಗೆ ಗೊತ್ತು. ನೀನು ಅದನ್ನು ಮತ್ತೆ ಬರೆಯಬೇಡ.

ಹಬ್ಬಕ್ಕೆ ಇಬ್ಬರಿಗೂ ಒಂದೇ ತಾನಿನ ಬಟ್ಟೆಯಲ್ಲಿ, ಮುಂದೆ ತೆರೆಯುವಂತೆ ಅಂಗಿ ಹೊಲಿಸಿದ್ದೆ. ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಅಳತೆ. ಮೊದಲ ಒಗೆತಕ್ಕೆ ಒಯ್ಯಲು ಬಂದ ಕನ್ನಮ್ಮ ಕರಿಗೇರಿನ ರಸವನ್ನೂ ಸೂಜಿಯನ್ನೂ ತಂದಿದ್ದಳು. ನಾನು, "ಎರಡಕ್ಕೂ ನಮ್ಮನೆ ಗುರುತೇ ಹಾಕು ಕನ್ನಮ್ಮ" ಎಂದೆ. ಊರವರು ಏನು ಬೇಕಾದರೂ ಅಂದುಕೊಳ್ಳಲಿ ಎಂದು ಗಟ್ಟಿ ಮಾಡಿಕೊಂಡೇ ಹೇಳಿದೆ.

ಅವಳು ಸೂಜಿ ಹಿಡಿದುಕೊಂಡು ಸ್ವಲ್ಪ ಯೋಚನೆ ಮಾಡಿದಳು. "ಬ್ಯಾಡ ಅಮ್ಮಾ. ನಮ್ಮ ಬಟ್ಟೆಗೆ ನಾವು ಗುರುತು ಹಾಕಲ್ಲ. ಗುರುತಿಲ್ದಿದ್ದೇ ನಮ್ದು."

ನನಗೆ ಮುಖಕ್ಕೆ ಹೊಡೆದಂತಾಯಿತು. ಅವಳಿಗೆ ನಮ್ಮ ಗುರುತು ಬೇಡ, ಬೇಡ ಎನ್ನುವ ಹಕ್ಕೂ ಅವಳಿಗಿದೆ ಎಂದು ಸುಮ್ಮನಾದೆ.

ನಿನ್ನೆ ಗಂಟು ಬಂತು. ಇವರ ಪಂಚೆ, ನನ್ನ ಸೀರೆ, ಹಾಸಿಗೆಯ ವಸ್ತ್ರ, ಎಲ್ಲದರ ಮೂಲೆಯಲ್ಲೂ ಮೂರು ಚುಕ್ಕೆ ಒಂದು ಗೆರೆ. ಕೊನೆಯಲ್ಲಿ ಹೇರಂಬನ ಹೊಸ ಅಂಗಿ. ತಿರುಗಿಸಿ ತಿರುಗಿಸಿ ನೋಡಿದೆ. ಅದಕ್ಕೆ ಗುರುತೇ ಇಲ್ಲ.

ಮಹಾಲಕ್ಷ್ಮೀ